ರಾಜಾ ಸಖಾವತ್ ಮಂತ್ರಿಯಾದ ದಿನ

ರಾಜಾ ಸಖಾವತ್‌ನ ಅದೃಷ್ಟ ತೆರೆದದ್ದು ಟೆಲಿಫೋನಿನಿಂದ. ತಾಪತ್ರಯ ಶುರುವಾದದ್ದೂ ಅದರಿಂದಲೇ. ಸ್ವಂತ ಫೋನು ಇದ್ದಿದ್ದರೆ ಸುದ್ದಿ ಅವನ ಕಿವಿಗೆ ಬಿದ್ದು ಅಲ್ಲೇ ಇರುತ್ತಿತ್ತು. ಆದರೆ ರಾವಲ್ಪಿಂಡಿಯ ಆ ಗಲ್ಲಿಗೆಲ್ಲ ಇದ್ದದ್ದು ಒಂದೇ ಫೋನು, ಬಟ್ ಸಾಹೇಬರ ಔಷಧಿ ಅಂಗಡಿಯಲ್ಲಿ. ಬಟ್ ಸಾಹೇಬರ ಗಂಟಲು ಎಂಥದೆಂದರೆ, ಲಾಹೋರಿನವರ ಜೊತೆ ಮಾತಾಡುವಾಗ ಅವರು ಫೋನನ್ನು ಬರೀ ಮರ್ಯಾದೆಗೆ ಹಿಡಿದುಕೊಂಡಿರುತ್ತಾರೆ ಎಂದು ಜನ ಹೇಳುತ್ತಿದ್ದರು.

"ಓ ರಾಜಾ! ಓಡಿ ಬಾರಯ್ಯ! ಇಸ್ಲಾಮಾಬಾದಿಂದ ಫೋನು! ರಾಷ್ಟ್ರಪತಿ ಭವನದಿಂದ!"

ರಾಜಾ ಎಂದರೆ ಸಿಂಹಾಸನದ ರಾಜನೇನಲ್ಲ. ಪಿಂಡಿ ಸೀಮೆಯಲ್ಲಿ ರಜಪೂತ ಮನೆತನದವರೆಲ್ಲ ಹೆಸರಿಗೆ ಮುಂಚೆ ರಾಜಾ ಎಂದು ಸೇರಿಸಿಕೊಳ್ಳುತ್ತಾರೆ. ಬೀದಿಗೆ ನಾಲ್ಕು ರಾಜರು ಸಿಗುತ್ತಾರೆ. ಮೂವರು ಬಾಡಿಗೆ ಮನೆಯವರು. ನಮ್ಮ ರಾಜನ ರಾಜ್ಯ ಒಂದು ಇಕ್ಕಟ್ಟು ಅಂಗಡಿ. ಅಲ್ಲಿ ಕೂತು ಅವನು ಫೋಟೋಗಳಿಗೆ ಕಟ್ಟು ಹಾಕುತ್ತಿದ್ದ. ದೇಶದಲ್ಲಿ ಪ್ರಧಾನಿ ವಜಾ ಆದಾಗಲೆಲ್ಲ ಅವನಿಗೆ ಕೈತುಂಬ ಕೆಲಸ. ಅಂಗಡಿಯವರು, ಕಚೇರಿಯವರು ಹಳೆಯ ಫೋಟೋ ತಂದು ಕೊಡುತ್ತಿದ್ದರು. ಕಟ್ಟು ಅದೇ, ಗಾಜು ಅದೇ, ಒಳಗಿನ ಮುಖ ಮಾತ್ರ ಬೇರೆ. ಅವನು ಹಳೆಯ ಮುಖಗಳನ್ನು ಬಿಸಾಡುತ್ತಿರಲಿಲ್ಲ; ಹೊಸ ಮುಖದ ಹಿಂದೆ ಒತ್ತಿಗೆ ಅವನ್ನೇ ಇಟ್ಟು ಮೊಳೆ ಹೊಡೆಯುತ್ತಿದ್ದ.

ಇದು ಅವನ ಹೊಟ್ಟೆಪಾಡು. ಅವನ ಹುಚ್ಚು ಬೇರೆ ಇತ್ತು, ರಾಜಕೀಯ. ಅವಾಮಿ ಏಕತಾ ಪಕ್ಷಕ್ಕೆ ಅವನು ಪ್ರಧಾನ ಕಾರ್ಯದರ್ಶಿ. ಹೆಸರಿನಲ್ಲಿ ಏಕತೆ ಇದ್ದರೂ ಹುಟ್ಟಿದ ಮೇಲೆ ಪಕ್ಷ ಮೂರು ಸಲ ಒಡೆದಿತ್ತು. ಉಳಿದವರು ಒಂದು ಟಾಂಗಾದಲ್ಲಿ ಹಿಡಿಸುತ್ತಿದ್ದರು. ಅಂಥ ಪಕ್ಷಗಳನ್ನು ಅಲ್ಲಿಯವರು 'ಟಾಂಗಾ ಪಾರ್ಟಿ' ಎಂದು ಹಂಗಿಸುವುದುಂಟು. ಇಲ್ಲಂತೂ ಟಾಂಗಾ ಹೊಡೆಯುವ ಬೂಟಾ ಕೂಡ ಸದಸ್ಯನೇ, ಜಂಟಿ ಕಾರ್ಯದರ್ಶಿ. ಕುದುರೆಯೊಂದನ್ನು ಬಿಟ್ಟರೆ ಟಾಂಗಾಕ್ಕೆ ಟಾಂಗಾವೇ ಪಾರ್ಟಿ. ಸಖಾವತ್ ಒಂದು ಸಲ ನಗರಸಭೆಗೆ ನಿಂತಿದ್ದ. ಅವನ ಮನೆಯ ವೋಟುಗಳೇ ಪೂರ್ತಿ ಬಿದ್ದಿರಲಿಲ್ಲ. ಹೆಂಡತಿ ತಸ್ನೀಮ್ ಆ ಬಗ್ಗೆ ಅವತ್ತಿನವರೆಗೂ ಬಾಯಿ ಬಿಟ್ಟಿರಲಿಲ್ಲ.

ಅಂಟು ಮೆತ್ತಿದ ಕೈಯಲ್ಲೇ ಅವನು ಫೋನು ಹಿಡಿದ.

"ಏಕತಾ ಪಾರ್ಟಿಯವರಾ? ಇವತ್ತು ಮಧ್ಯಾಹ್ನ ಪ್ರಮಾಣವಚನ ಇದೆ. ನಿಮ್ಮ ಪಾರ್ಟಿಗೆ ಒಂದು ಸ್ಥಾನ. ಅಧ್ಯಕ್ಷರನ್ನ ಕರೀರಿ" ಎಂದಿತು ಆ ಕಡೆಯ ಧ್ವನಿ.

"ಅಧ್ಯಕ್ಷರು ಹಾಜಿ ಮುರಾದ್ ಸಾಹೇಬ್ರು ಮೆಕ್ಕಾಕ್ಕೆ ಹೋಗಿದಾರೆ, ಹಜ್ ಯಾತ್ರೆಗೆ."

"ಮತ್ತೆ ಊರಲ್ಲಿ ಯಾರಿದೀರಿ?"

"ನಾನಿದೀನಿ. ಪ್ರಧಾನ ಕಾರ್ಯದರ್ಶಿ."

"ಸಾಕು, ನೀವೇ ಬನ್ನಿ. ಕಪ್ಪು ಶೇರ್ವಾನಿ ಹಾಕ್ಕೊಂಡು ಬನ್ನಿ. ಕಾರು ಕಳಿಸ್ತೀವಿ."

"ಯಾವ ಖಾತೆ ಅಂತ..."

"ಮೊದ್ಲು ಬನ್ರಿ. ಉಳಿದಿದ್ರೆ ಕೊಡ್ತೀವಿ."

ಆ ಬೇಸಿಗೆಯಲ್ಲಿ ಹೀಗೆ ಫೋನು ಬರುವುದು ಅಂಥ ವಿಚಿತ್ರವೇನಾಗಿರಲಿಲ್ಲ. ರಾಷ್ಟ್ರಪತಿಗಳು ಪ್ರಧಾನಿಯನ್ನು ಮನೆಗೆ ಕಳಿಸಿ ಐದು ವಾರವಾಗಿತ್ತು. ಚುನಾವಣೆಯವರೆಗೆ ನಡೆಯಲಿ ಎಂದು ಒಂದು ಹಂಗಾಮಿ ಸರ್ಕಾರ ಕಟ್ಟಿದ್ದರು. ಹೋದ ಪ್ರಧಾನಿಯನ್ನು ಕಂಡರಾಗದವರೆಲ್ಲ ಅದರಲ್ಲಿ ಪಾಲುದಾರರು. ನಿನ್ನೆಯವರೆಗೆ ಒಬ್ಬರ ಮೇಲೊಬ್ಬರು ಮೊಕದ್ದಮೆ ಹೂಡಿದವರು ಇವತ್ತು ಒಂದೇ ಸೋಫಾದಲ್ಲಿ ಕೂತಿದ್ದರು. ಒಬ್ಬರನ್ನು ಸಮಾಧಾನಪಡಿಸಲು ಇಬ್ಬರನ್ನು ಸೇರಿಸಿ, ಅದರಿಂದ ಮುನಿದುಕೊಂಡ ನಾಲ್ವರನ್ನು ಸೇರಿಸಿ, ನೀರು ಹೆಚ್ಚಾಯಿತೆಂದು ಹಿಟ್ಟು, ಹಿಟ್ಟು ಹೆಚ್ಚಾಯಿತೆಂದು ನೀರು ಹಾಕಿದ ಕಣಕದ ಹಾಗೆ ಮಂತ್ರಿಮಂಡಲ ಪರಾತ ಮೀರಿ ಬೆಳೆದಿತ್ತು. ವಜಾ ಆದ ಪ್ರಧಾನಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಹೋಗಲಿ ಬಿಡಿ, ಹೋದವರೆಲ್ಲ ಕೋರ್ಟಿಗೇ ಹೋಗುತ್ತಾರೆ ಎಂದು ಜನ ಸುಮ್ಮನಿದ್ದರು.

ಸಖಾವತ್ ಫೋನು ಇಡುವ ಮೊದಲೇ ಬಟ್ ಸಾಹೇಬರು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು.

"ಗಲ್ಲಿಯವರೆಲ್ಲ ಕೇಳ್ರಪ್ಪೋ! ನಮ್ಮ ರಾಜಾ ಮಂತ್ರಿ ಆದ!"

"ರಾಜ ಆಗಿದ್ದೋನು ಮಂತ್ರಿ ಆದ್ರೆ ಅದು ಇಳಿದಂಗಲ್ವೇನ್ರಿ?" ಎಂದು ಯಾರೋ ಮಹಡಿಯಿಂದ ಕೂಗಿದರು.

ಅಷ್ಟರೊಳಗೆ ಜನ ಸೇರಿಬಿಟ್ಟಿತ್ತು. ಒಬ್ಬನಿಗೆ ಭಾವಮೈದುನನ ವರ್ಗಾವಣೆಯಾಗಬೇಕು. ಇನ್ನೊಬ್ಬನಿಗೆ ದುಬೈಗೆ ಹೋಗಲು ಪಾಸ್‌ಪೋರ್ಟು ಬೇಗ ಸಿಗಬೇಕು. ಕಟುಕರ ನೂರ್‌ದೀನ್ ತನ್ನ ಕಳೆದುಹೋದ ಮೇಕೆಯ ವಿಷಯವನ್ನು ಸಂಸತ್ತಿನಲ್ಲಿ ಎತ್ತಬೇಕೆಂದ. ಸಂಸತ್ತೇ ವಿಸರ್ಜನೆಯಾಗಿದೆ ಎಂದು ಸಖಾವತ್ ಹೇಳಿದ್ದಕ್ಕೆ, "ಅದೂ ಹೋಯ್ತಾ? ಅಯ್ಯೋ, ಎರಡನ್ನೂ ಒಟ್ಟಿಗೆ ಹುಡುಕ್ಸಿ" ಎಂದ.

ಎಲ್ಲರನ್ನೂ ಮೊಣಕೈಯಲ್ಲಿ ಸರಿಸಿಕೊಂಡು ಖಾಲಾ ಜನ್ನತ್ ಮುಂದೆ ಬಂದಳು. ಗಲ್ಲಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ; ಮೂರು ತಲೆಮಾರಿನ ಹೆರಿಗೆ ಮಾಡಿಸಿದ ಮುದುಕಿ. ಸಖಾವತ್ ಹುಟ್ಟಿದಾಗ ಅವನನ್ನು ಮೊದಲು ಬೆನ್ನಿಗೆ ತಟ್ಟಿ ಅಳಿಸಿದವಳೂ ಇವಳೇ. ಆ ಅಧಿಕಾರವನ್ನು ಅವಳು ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

"ಸಖಾವತಾ, ನಂಗೆ ಲೈಸೆನ್ಸು ಬೇಡ, ಪರ್ಮಿಟ್ಟು ಬೇಡ. ನೀರು ಬೇಕು. ಚಳಿಗಾಲದಲ್ಲಿ ಮೋಟಾರು ಸುಟ್ಟುಹೋಗಿದ್ದು, ಈಗ ಉರಿಬೇಸಿಗೆ. ನಮ್ಮ ಹೆಣ್ಮಕ್ಕಳು ದೊಡ್ಡ ಮಸೀದಿ ನಲ್ಲಿಯಿಂದ ಹೊತ್ತು ಹೊತ್ತು ಸೊಂಟ ಬಿದ್ದುಹೋಯ್ತು. ನಿನ್ನ ಹೆಂಡ್ತಿನ ಕೇಳು, ಅವಳಾಗೇ ನಿಂಗೆ ಹೇಳಲ್ಲ."

ತಸ್ನೀಮ್ ಬಾಗಿಲ ಮರೆಯಲ್ಲಿ ನಿಂತಿದ್ದಳು. ಖಾಲಿ ಬಕೆಟ್ಟು ಕೈಯಲ್ಲೇ ಇತ್ತು. ಅವಳು ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು, ಅಷ್ಟೆ.

"ಪ್ರಮಾಣವಚನ ಒಂದು ಮುಗೀಲಿ ಖಾಲಾ" ಎಂದ ಸಖಾವತ್. "ಮೊದಲನೇ ಕೆಲ್ಸ ಅದೇ. ಆಣೆ."

ಅವನು ಮನಸ್ಸಿನಿಂದಲೇ ಹೇಳಿದ್ದ. ಇಷ್ಟು ವರ್ಷ ಕಟ್ಟೆ ಮೇಲೆ ನಿಂತು ಭಾಷಣ ಮಾಡಿದ್ದರಲ್ಲಿ ಒಂದಾದರೂ ನಿಜವಾಗಿ ಆಗುವ ಹೊತ್ತು ಬಂತಲ್ಲ ಎಂದು ಅವನು ಹಿಗ್ಗಿದ್ದ.

ಆದರೆ ಅವನು ಪ್ರಮಾಣವಚನಕ್ಕೆ ಹೊರಡುವ ತನಕ ಕೂಡ ಕಾಯಬೇಕಾಗಲಿಲ್ಲ. ಅರ್ಧ ದಾರಿಯಲ್ಲಿ ಕೆಟ್ಟುನಿಂತ ಬಸ್ಸಿನಿಂದ ಇಳಿದವನ ಹಾಗೆ ಬೆವರೊರೆಸಿಕೊಳ್ಳುತ್ತ ನೀರು ಇಲಾಖೆಯ ಎಂಜಿನಿಯರ್ ಖಾವರ್ ಗಲ್ಲಿಗೆ ಬಂದಿಳಿದ. ಹಿಂದೆ ಸಖಾವತ್ ಅರ್ಜಿ ಹಿಡಿದು ಹೋದಾಗಲೆಲ್ಲ ಈ ಖಾವರ್ ಇಲ್ಲದ ಫೈಲು ಹುಡುಕುವ ನೆಪದಲ್ಲಿ ಮೇಜಿನಡಿ ತಲೆ ತೂರಿಸುತ್ತಿದ್ದ. ಇವತ್ತು ಕೈಯಲ್ಲಿ ಗುಲಾಬಿ ಹಾರ.

"ಮಿನಿಸ್ಟರ್ ಸಾಹೇಬ್ರೇ, ನಿಮ್ಮ ಗಲ್ಲೀಲಿ ನೀರಿಲ್ಲ ಅಂತ ನಂಗೆ ಯಾರೂ ಹೇಳೇ ಇಲ್ವಲ್ಲಾ! ಕೇಳಿ ನಿದ್ದೇನೇ ಬರ್ಲಿಲ್ಲ."

"ಯಾವಾಗ ಕೇಳಿದ್ರಿ?"

"ಈಗ್ಲೇ, ಅರ್ಧ ಗಂಟೆ ಆಯ್ತು."

ಹಾರ ಹಾಕಿ ಹೋದವನು ಮಧ್ಯಾಹ್ನದ ನಮಾಜಿನ ಹೊತ್ತಿಗೆ ಲಾರಿಯಲ್ಲಿ ಮೋಟಾರು ತಂದೇಬಿಟ್ಟ. ಹಿಂದೆ ನಾಲ್ವರು ಕೆಲಸದವರು. ಗಲ್ಲಿಯ ಮೂಲೆಯ ಪಂಪ್‌ಮನೆಯ ಬೀಗ ತೆಗೆದು, ಜೇಡರ ಬಲೆ ಗುಡಿಸಿ, ಕೂರಿಸಲು ಶುರುಮಾಡಿದರು.

"ಇಷ್ಟು ಬೇಗ ಎಲ್ಲಿ ಸಿಕ್ತು ಖಾವರ್ ಸಾಹೇಬ್ರೇ?" ಎಂದು ಸಖಾವತ್ ಕೇಳಿದ.

"ಸ್ಟಾಕಲ್ಲಿತ್ತು ಸಾರ್."

ಸಖಾವತ್ ಪ್ರೀತಿಯಿಂದ ಮೋಟಾರಿನ ಮೇಲೆ ಕೈಯಿಟ್ಟು ಚಕ್ಕನೆ ಹಿಂತೆಗೆದ. ಸ್ಟಾಕಿನಲ್ಲಿದ್ದ ಮೋಟಾರು ಸುಡುತ್ತಿತ್ತು. ಬಿಸಿಲಿಗಿರಬೇಕು ಎಂದುಕೊಂಡ.

ಇತ್ತ ಶೇರ್ವಾನಿಯ ಸಮಸ್ಯೆ. ಗಲ್ಲಿಗೆಲ್ಲ ಇದ್ದದ್ದು ಬಟ್ ಸಾಹೇಬರದೊಂದೇ ಕಪ್ಪು ಶೇರ್ವಾನಿ. ಬಟ್ ಸಾಹೇಬರ ಹೊಟ್ಟೆಗೆ ಹೊಲಿದದ್ದು. ಅದರೊಳಗೆ ಸಖಾವತ್ ದೊಡ್ಡ ಗುಡಾರದ ನಡುವಿನ ಕಂಬದ ಹಾಗೆ ನಿಂತ. ತಸ್ನೀಮ್ ಹಿಂದುಗಡೆ ಪಿನ್ನುಗಳನ್ನು ಚುಚ್ಚಿದಳು.

"ಯಾರಿಗೂ ಬೆನ್ನು ತೋರಿಸ್ಬೇಡಿ" ಎಂದಳು.

"ರಾಜಕೀಯದಲ್ಲಿ ಅದು ಹೇಗೂ ತೋರಿಸ್ಬಾರ್ದು."

"ರೀ" ಎಂದು ಅವಳು ಕಾಲರು ಸರಿಮಾಡುತ್ತ ದನಿ ತಗ್ಗಿಸಿದಳು. "ಆ ಸಲ ನಾನು ವೋಟು ನಿಮಗೇ ಹಾಕಿದ್ದೆ. ನಿಮ್ಮ ಅಕ್ಕ ಹಾಕಿರ್ಲಿಲ್ಲ."

ಸಖಾವತ್‌ಗೆ ಮಂತ್ರಿ ಪದವಿಗಿಂತ ಇದು ದೊಡ್ಡದೆನಿಸಿತು.

ಕಾರು ಬರಲಿಲ್ಲ. ಬಟ್ ಸಾಹೇಬರು ಫೋನು ಮಾಡಿ ಕೂಗಾಡಿದರು. ಕಾರುಗಳಿಗಿಂತ ಮಂತ್ರಿಗಳು ಹೆಚ್ಚಾಗಿದ್ದಾರೆ, ಹೇಗಾದರೂ ಬನ್ನಿ ಎಂದು ಉತ್ತರ ಬಂತು. ಬೂಟಾ ಆಗಲೇ ಕುದುರೆಯ ತಲೆಗೆ ಕೆಂಪು ಗೊಂಡೆ ಕಟ್ಟಿ ಟಾಂಗಾ ತಂದು ನಿಲ್ಲಿಸಿದ್ದ. ನಾಲ್ಕು ಜನ ಡೋಲು ಬಡಿದರು. ಸಖಾವತ್ ಹಿಂದಿನ ಸೀಟಿನಲ್ಲಿ ಬೆನ್ನು ಅಡಗಿಸಿ ಕೂತ.

ಇಸ್ಲಾಮಾಬಾದಿಗೆ ಹೋಗುವ ಮರೀ ರಸ್ತೆಯ ಉದ್ದಕ್ಕೂ ಬೂಟಾ ತನ್ನ ಮನಸ್ಸನ್ನು ತೋಡಿಕೊಂಡ. "ರಾಜಾ ಭಾಯಿ, ನೀನು ಮಂತ್ರಿ ಆದ್ಮೇಲೆ ನಾನು ಪ್ರಧಾನ ಕಾರ್ಯದರ್ಶಿ ಅಲ್ವಾ?"

"ಹಾಜಿ ಸಾಹೇಬ್ರು ಬರ್ಲಿ, ಕೇಳೋಣ."

"ಅವ್ರು ಒಪ್ಪದಿದ್ರೆ ನಾನು ಪಕ್ಷ ಒಡೀತೀನಿ. ಟಾಂಗಾ ನಂದು ಅನ್ನೋದು ನೆನಪಿರ್ಲಿ."

ಇಸ್ಲಾಮಾಬಾದಿನ ಹೊಸ್ತಿಲು ಫೈಜಾಬಾದ್. ಅಲ್ಲಿ ಪೋಲೀಸಿನವನೊಬ್ಬ ಕೋಲು ಅಡ್ಡ ಹಿಡಿದ.

"ಎಲ್ಲಿಗೆ? ರಾಜಧಾನಿಯೊಳಗೆ ಟಾಂಗಾ ಬಿಡಲ್ಲ, ಗೊತ್ತಿಲ್ವಾ?"

"ಮೇಲೆ ಕೂತಿರೋದು ಯಾರು ಅಂತ ನೋಡಿ ಮಾತಾಡು!" ಎಂದ ಬೂಟಾ. "ಮಂತ್ರಿಗಳು!"

ಪೋಲೀಸಿನವನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ಈ ತಿಂಗಳು ಯಾರನ್ನ ಹಿಡಿದ್ರೂ ಮಂತ್ರಿನೇ. ಬೆಳಿಗ್ಗೆ ಒಬ್ರು ಸ್ಕೂಟರಲ್ಲಿ ಬಂದ್ರು. ಮಂತ್ರಿ ಒಳಗೆ ಹೋಗ್ಬಹುದು, ಕುದುರೆ ಹೋಗಂಗಿಲ್ಲ." ಸಖಾವತ್‌ನ ಮುಖ ನೋಡಿ ಅವನಿಗೆ ಕನಿಕರ ಬಂದಿರಬೇಕು. ದಾರಿಯಲ್ಲಿ ಬರುತ್ತಿದ್ದ ಕೋಳಿ ಸಾಗಿಸುವ ಗಾಡಿಯೊಂದನ್ನು ಸೀಟಿ ಊದಿ ನಿಲ್ಲಿಸಿದ. "ಏಯ್, ಈ ಸಾಹೇಬ್ರನ್ನ ರಾಷ್ಟ್ರಪತಿ ಭವನದ ಹತ್ರ ಇಳ್ಸು."

ಮುಂದಿನ ಸೀಟಿನಲ್ಲಿ ಡ್ರೈವರನ ಮಾವ, ಮಾವನ ಮೊಮ್ಮಗಳು, ಒಂದು ಕಲ್ಲಂಗಡಿ ಇದ್ದವು. ಸಖಾವತ್ ಹಿಂದೆ ಕೋಳಿ ಬುಟ್ಟಿಗಳ ನಡುವೆ ನಿಂತ. ಗಾಡಿ ತಿರುವಿನಲ್ಲಿ ವಾಲಿದಾಗ ಎರಡು ಪಿನ್ನು ಬಿಚ್ಚಿಕೊಂಡವು. ಶೇರ್ವಾನಿ ಗಾಳಿ ತುಂಬಿಕೊಂಡು ಹಾಯಿಯ ಹಾಗೆ ಉಬ್ಬಿತು. ಭವನದ ಗೇಟಿನಲ್ಲಿ ಇಳಿದಾಗ ಅವನ ಹೆಗಲ ಮೇಲೆ ಬಿಳಿ ಪುಕ್ಕಗಳಿದ್ದವು. ಕಾವಲಿನವನು ಅದನ್ನು ಯಾವುದೋ ಪ್ರಾಂತ್ಯದ ಗೌರವಚಿಹ್ನೆ ಎಂದು ತಿಳಿದೋ ಏನೋ, ಸಲ್ಯೂಟ್ ಹೊಡೆದ.

ಒಳಗೆ ಮದುವೆ ಮನೆಯ ಗದ್ದಲ. ಹಳೇ ಮಂತ್ರಿಗಳು ಹೊಸ ಮಂತ್ರಿಗಳನ್ನು, ಹಸಿದವರು ತಮ್ಮ ಪಂಕ್ತಿಗೆ ಬಂದ ನೆಂಟರನ್ನು ನೋಡುವಂತೆ ನೋಡುತ್ತಿದ್ದರು. ಇವತ್ತಿನ ಹೊಸಬರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಟ್ಟಿಗೇ ಪ್ರಮಾಣ ಮಾಡಿಸಿದರು. 'ನಾನು' ಎಂಬಲ್ಲಿ ಎಲ್ಲರೂ ಒಂದೇ ಉಸಿರಿಗೆ ತಂತಮ್ಮ ಹೆಸರು ಹೇಳಿದ್ದರಿಂದ ಅದು ಸಂತೆಯಲ್ಲಿ ಹರಾಜು ಕೂಗಿದಂತೆ ಕೇಳಿಸಿತು. ಆದರೆ ದೇಶದ ಜನರ ಹಿತಕ್ಕೆ ದುಡಿಯುತ್ತೇನೆ ಎಂಬ ಮಾತು ಬಂದಾಗ ಸಖಾವತ್‌ಗೆ ತಸ್ನೀಮಳ ಬಕೆಟ್ಟು ಕಣ್ಣಿಗೆ ಕಟ್ಟಿತು. ಆ ಸಾಲನ್ನು ಅವನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ. ಪಕ್ಕದವರು ತಿರುಗಿ ನೋಡಿದರು.

ಆಮೇಲೆ ಚಹಾ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸಖಾವತ್ ತಟ್ಟೆಗೆ ಒಂದು ಸಮೋಸ ಹಾಕಿಕೊಂಡು ಪಕ್ಕದಲ್ಲಿದ್ದ ಅಧಿಕಾರಿಯನ್ನು ಕೇಳಿದ: "ನನ್ನ ಖಾತೆ ಯಾವ್ದು ಅಂತ ಗೊತ್ತಾಯ್ತಾ?"

"ವಿಚಾರಿಸ್ತೀನಿ ಸಾರ್" ಎಂದು ಅಧಿಕಾರಿ ನಗುನಗುತ್ತ ಒಳಗೆ ಹೋದ. ಅವನು ವಾಪಸ್ ಬಂದಾಗ ನಗು ಇರಲಿಲ್ಲ. ಅಷ್ಟರಲ್ಲಿ ಹಾಲಿನ ಆ ತುದಿಯಿಂದ ಒಂದು ಗುಸುಗುಸು ಹೊರಟು ಈ ತುದಿಗೆ ಬಂತು. ಅದು ದಾಟಿಬಂದ ಕಡೆಯೆಲ್ಲ ಕಪ್ಪುಗಳು ತಟ್ಟೆಯ ಮೇಲೆ ಕೂತವು. ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ವಜಾ ಮಾಡಿದ್ದು ತಪ್ಪು. ಪ್ರಧಾನಿ ಇದ್ದ ಹಾಗೇ ಪ್ರಧಾನಿ. ಸಂಸತ್ತು ಇದ್ದ ಹಾಗೇ ಸಂಸತ್ತು. ಹಂಗಾಮಿ ಸರ್ಕಾರ ಇವತ್ತಿನಿಂದ ಇಲ್ಲ.

"ಸಾರ್, ನಿಮ್ಮ ಖಾತೆ..." ಎಂದು ಅಧಿಕಾರಿ ತಡವರಿಸಿದ.

"ಹೇಳಿ."

"ಮಾಜಿ ಸಾರ್."

ಮಂತ್ರಿಗಳು ಹಬೆಯ ಹಾಗೆ ಕರಗಿಹೋದರು. ಚಹಾ ಕೊಡುವವನು ಬಂದು ಸಖಾವತ್‌ನ ಮುಂದಿದ್ದ ತಟ್ಟೆಗಳನ್ನು ಎತ್ತಿಕೊಂಡ. ಕೈಯಲ್ಲಿದ್ದ ಅರ್ಧ ಸಮೋಸದ ಕಡೆ ಒಂದು ಸಲ ನೋಡಿ, ಹೋಗಲಿ ಪಾಪ ಎನ್ನುವಂತೆ ಬಿಟ್ಟುಹೋದ.

ವಾಪಸ್ ಬರುವ ವ್ಯಾನಿನಲ್ಲಿ ಜನ ಅವನ ಉಡುಪು ನೋಡಿ ಮದುಮಗನೋ ಬ್ಯಾಂಡಿನವನೋ ಎಂದು ಪಿಸುಗುಟ್ಟಿದರು. ಸಖಾವತ್‌ಗೆ ಪದವಿ ಹೋದ ದುಃಖಕ್ಕಿಂತ ಗಲ್ಲಿಗೆ ಹೇಗೆ ಕಾಲಿಡುವುದು ಎಂಬ ಚಿಂತೆ ದೊಡ್ಡದಾಗಿತ್ತು. ಬಟ್ ಸಾಹೇಬರ ಅಂಗಡಿಯಲ್ಲಿ ರೇಡಿಯೋ ಕೂಡ ಇತ್ತು. ಅವರು ಅದನ್ನೂ ಇಡೀ ಗಲ್ಲಿಗೇ ಕೇಳಿಸುತ್ತಿದ್ದರು.

ಗಲ್ಲಿಯ ಮೂಲೆಯಲ್ಲಿ ಜನ ಕಿಕ್ಕಿರಿದಿತ್ತು. ಎಲ್ಲರೂ ತನ್ನನ್ನು ಗೇಲಿ ಮಾಡಲು ಕಾದಿದ್ದಾರೆಂದು ಅವನು ತಲೆ ತಗ್ಗಿಸಿದ. ಆದರೆ ಅವನ ಕಡೆ ಯಾರೂ ನೋಡಲೇ ಇಲ್ಲ. ಎಲ್ಲರ ಕಣ್ಣು ಪಂಪ್‌ಮನೆಯ ಮೇಲೆ. ನಲ್ಲಿಯಲ್ಲಿ ಹೆಬ್ಬೆರಳು ಗಾತ್ರದ ನೀರು ಬೀಳುತ್ತಿತ್ತು. ಪಂಪ್‌ಮನೆಯೊಳಗೆ, ಮೋಟಾರಿನ ಕಟ್ಟೆಯ ಮೇಲೆ, ಖಾಲಾ ಜನ್ನತ್ ಕಾಲು ಮಡಚಿ ಕೂತಿದ್ದಳು. ಬಾಗಿಲಲ್ಲಿ ತಸ್ನೀಮ್ ಮತ್ತು ಇತರ ಹೆಂಗಸರು ಕೊಡ, ಬಕೆಟ್ಟು ಹಿಡಿದು ಗೋಡೆಯಾಗಿದ್ದರು. ಅವರ ಮುಂದೆ ಎಂಜಿನಿಯರ್ ಖಾವರ್ ಕೈಮುಗಿದು ನಿಂತಿದ್ದ. ಮಧ್ಯಾಹ್ನದ ನಾಲ್ವರು ಕೆಲಸದವರು ಬೋಲ್ಟು ಬಿಚ್ಚುವ ಪಾನಾ ಹಿಡಿದು ಅವನ ಹಿಂದೆ.

"ರಾಜಾ ಸಾಹೇಬ್ರೇ, ನೀವೇ ಹೇಳಿ ಇವ್ರಿಗೆ!" ಖಾವರ್ ಓಡಿಬಂದು ಶೇರ್ವಾನಿಯ ತೋಳು ಹಿಡಿದ. ತೋಳಿನೊಳಗೆ ಕೈ ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. "ಮೋಟಾರು ವಾಪಸ್ ಕೊಡ್ಲಿ. ನನ್ನ ನೌಕರಿ ಹೋಗತ್ತೆ!"

"ಸ್ಟಾಕಲ್ಲಿತ್ತು ಅಂದ್ರಲ್ಲ?"

"ಎಲ್ಲಿ ಸ್ಟಾಕು ಸಾರ್! ಮಲಿಕ್ ಸರ್ಫರಾಜ್ ಸಾಹೇಬ್ರ ಬೀದಿಯಿಂದ ಬಿಚ್ಚಿ ತಂದಿದ್ದು. ಹೋದ ಸರ್ಕಾರದ ಎಂಪಿ ಅಲ್ವಾ, ಇನ್ನೇನು ಕೇಳ್ತಾರೆ ಅಂದ್ಕೊಂಡೆ. ಹೋದ ಸರ್ಕಾರ ವಾಪಸ್ ಬರತ್ತೆ ಅಂತ ಯಾವ ಹೆತ್ತತಾಯಿ ಕನಸು ಕಂಡಿದ್ಲು?"

ಓಡುತ್ತಿದ್ದ ಮೋಟಾರನ್ನೇ ಬಿಚ್ಚಿ ತಂದಿದ್ದ. ಸುಡದೆ ಇರುತ್ತದೆಯೇ?

ಅಷ್ಟರಲ್ಲಿ ಡೋಲಿನ ಸದ್ದು ಕೇಳಿತು. ಮಲಿಕ್ ಸರ್ಫರಾಜ್‌ರ ಜೀಪು ಗಲ್ಲಿಯ ಬಾಯಲ್ಲಿ ನಿಂತಿತು. ಹಿಂದೆ ಒಂದು ಹಿಂಡು ಬೆಂಬಲಿಗರು. ಮಲಿಕರು ಗೆಲುವಿನ ಮೆರವಣಿಗೆ ಮುಗಿಸಿ ಮನೆಗೆ ಹೋಗಿ ಮುಖ ತೊಳೆಯಲು ನಲ್ಲಿ ತಿರುಗಿಸಿದ್ದರು. ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಗಿತ್ತು. ಮುಖದ ಮೇಲಿನ ಧೂಳಿನ ಜೊತೆಗೇ ಅವರು ಇಲ್ಲಿಗೆ ಬಂದಿದ್ದರು.

"ಯಾರಯ್ಯಾ ಅದು ನನ್ನ ಮೋಟಾರು ಬಿಚ್ಚಿದ್ದು?"

ಖಾವರ್ ಸಖಾವತ್‌ನ ಹಿಂದೆ ಸರಿದ. ಆ ಶೇರ್ವಾನಿಯ ಹಿಂದೆ ಇಬ್ಬರು ಅಡಗಲು ಜಾಗವಿತ್ತು. ಬಟ್ ಸಾಹೇಬರಿಗೆ ಅಂಗಡಿಯಲ್ಲಿ ಇದ್ದಕ್ಕಿದ್ದಂತೆ ಕೆಲಸ ನೆನಪಾಯಿತು. ಕೆಲಸದವರು ಪಾನಾಗಳನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಸಖಾವತ್ ಹೆಂಗಸರ ಸಾಲು ನೋಡಿದ. ತಸ್ನೀಮಳ ಬಕೆಟ್ಟಿನಲ್ಲಿ ನೀರು ತುಳುಕುತ್ತಿತ್ತು. ಅವಳ ಮುಖವೂ ಒದ್ದೆಯಾಗಿತ್ತು. ನೀರು ಬಂದ ಸಂತೋಷಕ್ಕೆ ಯಾರೋ ಎರಚಿರಬೇಕು. ಮದುವೆಯಾದ ಹೊಸದರಲ್ಲಿ ನೋಡಿದ್ದ ಮುಖ ಅದು. ಅವನ ಕಾಲು ತಾನಾಗಿ ಮುಂದೆ ಹೋಯಿತು.

"ನಾನು ಮಲಿಕ್ ಸಾಹೇಬ್ರೇ. ನಾನೇ ಆರ್ಡರ್ ಮಾಡಿದ್ದು. ಎಂಜಿನಿಯರದ್ದು ತಪ್ಪಿಲ್ಲ, ಗಲ್ಲಿಯವರದ್ದಂತೂ ಇಲ್ವೇ ಇಲ್ಲ. ಏನ್ ಮಾಡೋದಿದ್ರೂ ನಂಗೆ ಮಾಡಿ. ಮೋಟಾರು ಮುಟ್ಬೇಡಿ."

"ನೀನ್ಯಾರು?"

"ಮಂತ್ರಿ ಆಗಿದ್ದೆ."

"ಎಷ್ಟು ಹೊತ್ತು?"

"ಒಂದು ಸಮೋಸ ತಿನ್ನೋಷ್ಟು ಹೊತ್ತು. ಅದನ್ನೂ ಪೂರ್ತಿ ತಿನ್ನಕ್ಕೆ ಬಿಡ್ಲಿಲ್ಲ."

ಗಲ್ಲಿ ಗೊಳ್ಳೆಂದು ನಕ್ಕಿತು. ಮಲಿಕರ ಬೆಂಬಲಿಗರೂ ನಕ್ಕರು. ಮಲಿಕರಿಗೆ ನಗು ಬರಲಿಲ್ಲ. ಅವರು ಕೈಯೆತ್ತಿ ಕೆಲಸದವರಿಗೆ ಏನೋ ಹೇಳಲು ಬಾಯಿ ತೆರೆದರು. ಆಗ ಪಂಪ್‌ಮನೆಯೊಳಗಿಂದ ಖಾಲಾ ಜನ್ನತ್‌ಳ ದನಿ ಬಂತು, ಜೇನು ಸುರಿದ ಹಾಗೆ:

"ಬಂದ್ಯಾ ಮಲಿಕ್ ಬೇಟಾ? ನೂರು ವರ್ಷ ಬಾಳು! ನಿನ್ನ ಸರ್ಕಾರ ಬಂದ ಗಳಿಗೇಲೇ ನಮಗೆ ನೀರು ಕಳಿಸಿದ್ಯಲ್ಲ! ನಿನ್ನ ಬೀದಿ ಒಣಗಿದ್ರೂ ಪರವಾಗಿಲ್ಲ, ಬಡವರ ಗಲ್ಲಿಗೆ ನೀರು ಬರ್ಲಿ ಅಂತ ನಿನ್ನ ಮೋಟಾರನ್ನೇ ಬಿಚ್ಚಿ ಕೊಟ್ಯಲ್ಲ! ಇಂಥ ಮಗನ್ನ ಹೆತ್ತ ಹೊಟ್ಟೆ ತಣ್ಣಗಿರ್ಲಿ. ಹೇಳ್ರೇ, ಮಲಿಕ್ ಸಾಹೇಬ್ರಿಗೆ!"

"ಜಿಂದಾಬಾದ್!" ಎಂದರು ಹೆಂಗಸರು. ಕೊಡಗಳು ಗಣಗಣ ಅಂದವು.

ಮಲಿಕರ ಬಾಯಿ ತೆರೆದೇ ಇತ್ತು. ಅವರು ಎಡಕ್ಕೆ ನೋಡಿದರು, ಮಹಡಿಗಳ ಮೇಲೆ ನೋಡಿದರು. ಎಲ್ಲಿ ನೋಡಿದರೂ ಮತದಾರರು, ಎಲ್ಲರ ಕೈಯಲ್ಲೂ ತುಂಬಿದ ಬಕೆಟ್ಟು. ಅವರು ಇಪ್ಪತ್ತು ವರ್ಷದಿಂದ ರಾಜಕೀಯದಲ್ಲಿದ್ದವರು. ಎತ್ತಿದ್ದ ಕೈ ಹಾಗೇ ನಿಧಾನವಾಗಿ ಬೀಸತೊಡಗಿತು.

"ಹೌದು ತಾಯಿ" ಎಂದರು ಗಂಟಲು ಸರಿಮಾಡಿಕೊಂಡು. "ನಾನೇ ಕಳಿಸ್ದೆ. ಸರಿಯಾಗಿ ಕೂರಿಸಿದಾರೋ ಇಲ್ವೋ ನೋಡೋಣ ಅಂತ ಬಂದೆ."

ಯಾರೋ ಜೀಪಿನಿಂದ ಮೈಕು ತಂದುಕೊಟ್ಟರು. ಮಲಿಕರು ಹೊರಗಿನ ನಲ್ಲಿಯ ಕಟ್ಟೆ ಹತ್ತಿದರು. "ಸೋದರ ಸೋದರಿಯರೇ, ಈ ಹಂಗಾಮಿ ಸರ್ಕಾರದವರು ಐದು ವಾರ ಕುರ್ಚಿ ಬೆಚ್ಚಗೆ ಮಾಡಿದ್ರು. ನಿಮ್ಮ ಗಲ್ಲಿಗೆ ಒಂದು ಹನಿ ನೀರು ಕೊಟ್ರಾ?"

"ಇಲ್ಲ!" ಎಂದು ಗಲ್ಲಿ ಕೂಗಿತು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು, ಅಂಗಡಿಯಿಂದ ಮತ್ತೆ ಹೊರಗೆ ಬಂದಿದ್ದ ಬಟ್ ಸಾಹೇಬರು. ಅವರ ಪಕ್ಕದಲ್ಲಿ ಬೂಟಾ ಮಲಿಕರ ಪಕ್ಷದ ಬಾವುಟ ಹಿಡಿದಿದ್ದ. ಟಾಂಗಾದ ಕುದುರೆಗೂ ಒಂದು ಬಾವುಟ ಸಿಕ್ಕಿಸಲಾಗಿತ್ತು. ಏಕತಾ ಪಕ್ಷ ನಾಲ್ಕನೇ ಸಲ ಒಡೆದಿತ್ತು. ಎಂಜಿನಿಯರ್ ಖಾವರ್ ಬೆಳಗಿನ ಅಂಗಡಿಯಿಂದಲೇ ಇನ್ನೊಂದು ಗುಲಾಬಿ ಹಾರ ತರಿಸಿ ಮಲಿಕರ ಕೊರಳಿಗೆ ಹಾಕಿದ. ಹಾರ ಹಾಕುವಾಗ ಮಲಿಕರು ನಗುಮುಖದಲ್ಲೇ ಹಲ್ಲು ಕಚ್ಚಿ, "ನಾಳೆ ಬೆಳಗಾಗೋದ್ರೊಳಗೆ ನನ್ನ ಬೀದಿಗೆ ಹೊಸಾ ಮೋಟಾರು" ಎಂದದ್ದು ಹತ್ತಿರದವರಿಗೆ ಕೇಳಿಸಿತು.

ಡೋಲು ಹೋಯಿತು, ಜೀಪು ಹೋಯಿತು. ಮಗ್ಗುಲ ಮಸೀದಿಯಲ್ಲಿ ಮುಸ್ಸಂಜೆಯ ಮಗ್ರಿಬ್ ನಮಾಜೂ ಮುಗಿಯಿತು. ಸಖಾವತ್ ಪಂಪ್‌ಮನೆಯ ಗೋಡೆಗೆ ಒರಗಿ ನಿಂತಿದ್ದ. ಖಾಲಾ ಜನ್ನತ್ ಮೊಣಕಾಲು ಹಿಡಿದುಕೊಂಡು ಹೊರಬಂದಳು.

"ಹೆಸರು ಅವನಿಗೆ ಹೋಯ್ತು ಅಂತ ಬೇಜಾರಾ?"

"ಇಲ್ಲ ಖಾಲಾ."

"ನೀನು ಹುಟ್ದಾಗಿಂದ ನೋಡಿದೀನಿ. ಸುಳ್ಳು ಹೇಳ್ಬೇಡ."

"ಸ್ವಲ್ಪ."

"ನಾನು ಹಂಗೆ ಹೇಳ್ದೆ ಹೋಗಿದ್ರೆ ಮೋಟಾರೂ ಹೋಗ್ತಿತ್ತು, ನಿನ್ನ ಮೂಳೆನೂ ಮುರೀತಿತ್ತು. ಆದ್ರೆ ನೀನು ಮುಂದೆ ಬಂದು ನಿಂತ್ಯಲ್ಲ..." ಮುದುಕಿ ಅವನ ಬೆನ್ನಿಗೆ ರಪ್ಪನೆ ಬಡಿದಳು. ಉಳಿದಿದ್ದ ಪಿನ್ನೊಂದು ಸಖಾವತ್‌ಗೆ ಚುಚ್ಚಿತು. "ಈ ಸಲ ನಗರಸಭೆಗೆ ನಿಲ್ಲು. ಈ ಹೆಂಗಸರ ವೋಟು ನಾನು ನೋಡ್ಕೊಳ್ತೀನಿ."

ಅವನು ಏನೋ ಹೇಳಲು ಹೊರಟಾಗ ತಸ್ನೀಮ್ ಬಂದು ಅವನ ಎರಡೂ ಕೈಗೆ ಒಂದೊಂದು ಬಕೆಟ್ಟು ಸಿಕ್ಕಿಸಿದಳು.

"ಮಾಜಿ ಮಂತ್ರಿಗಳೇ, ಇನ್ನೂ ಎರಡು ಬಕೆಟ್ ನೀರು ಬೇಕು. ಹೋಗಿ ಸಾಲಲ್ಲಿ ನಿಂತ್ಕೊಳ್ಳಿ."

"ಇಷ್ಟು ದೊಡ್ಡ ಸಾಲಾ?"

"ನಿಮ್ಮ ಮೋಟಾರು ತಾನೇ? ಸಂತೋಷವಾಗಿ ನಿಂತ್ಕೊಳ್ಳಿ" ಎಂದು ಅವಳು ನಗುತ್ತ ಮನೆಗೆ ಹೋದಳು.

ಸಖಾವತ್ ಕೊನೆಯಲ್ಲಿ ನಿಂತ. ಮುಂದಿದ್ದವರು ಒಬ್ಬೊಬ್ಬರೇ ತುಂಬಿಸಿಕೊಂಡು, ಹೋಗುವಾಗ ಅವನ ಕಡೆ ನೋಡಿ, "ಸಲಾಂ ರಾಜಾ ಭಾಯಿ" ಎಂದು ಹೋಗುತ್ತಿದ್ದರು. ಇಷ್ಟು ವರ್ಷ ಆ ಸಲಾಮಿನಲ್ಲಿ ತಮಾಷೆಯಿತ್ತು. ಇವತ್ತು ತಮಾಷೆಯೂ ಇತ್ತು, ಇನ್ನೇನೋ ಕೂಡ ಇತ್ತು. ಅವನ ಎದೆ ಶೇರ್ವಾನಿಗೆ ಸರಿಹೋಗುವಷ್ಟು ಉಬ್ಬಿತು. ಕೊನೆಗೂ ಅವನ ಸರದಿ ಬಂತು. ಅವನು ತೋಳು ಮಡಚಿ, ಬಕೆಟ್ಟು ನಲ್ಲಿಯ ಕೆಳಗಿಟ್ಟ.

ಬುಳಕ್ ಎಂದು ಒಂದು ಸಲ ನೀರು ಬಿತ್ತು. ಅಷ್ಟರಲ್ಲಿ ಗಲ್ಲಿಯ ದೀಪಗಳೆಲ್ಲ ಒಟ್ಟಿಗೆ ಆರಿದವು. ಪಂಪ್‌ಮನೆಯೊಳಗೆ ಮೋಟಾರು ಊಂ ಎಂದು ರಾಗ ಇಳಿಸಿ ನಿಂತುಹೋಯಿತು. ಕರೆಂಟು ಹೋಗಿತ್ತು.

ಕತ್ತಲಲ್ಲಿ ಮಹಡಿಯ ಮೇಲಿಂದ ಯಾರೋ ಕಿಸಕ್ಕೆಂದರು. ಆ ನಗು ಕಿಟಕಿಯಿಂದ ಕಿಟಕಿಗೆ ಹತ್ತಿಕೊಂಡು ಇಡೀ ಗಲ್ಲಿ ನಕ್ಕಿತು. ಸಖಾವತ್ ತಳ ಮಾತ್ರ ಒದ್ದೆಯಾದ ಬಕೆಟ್ಟಿನೊಳಗೆ ಬಗ್ಗಿ ನೋಡಿದ. ಅವನಿಗೂ ನಗು ತಡೆಯಲಾಗಲಿಲ್ಲ.

ಇನ್ನೊಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತವನ ಪಕ್ಕಕ್ಕೆ ಖಾಲಾ ಜನ್ನತ್ ತಡಕಾಡಿಕೊಂಡು ಬಂದು ಕಟ್ಟೆಯ ಮೇಲೆ ಕೂತಳು.

"ಇದು ಇನ್ನು ಬರತ್ತೋ ಇಲ್ವೋ ಖಾಲಾ?"

"ಕೂತ್ಕೊಳೋ ಸುಮ್ನೆ" ಎಂದಳು ಮುದುಕಿ. "ಹೋದ ಸರ್ಕಾರವೇ ವಾಪಸ್ ಬಂದಿದೆ, ಹೋದ ಕರೆಂಟು ಬರಲ್ವಾ?"